ಕೈ, ಕಾಲು, ಕಾರ್ಪೊರೇಟ್

ಕಾರ್ಪೊರೇಟ್ ಅನ್ನೋ ಪದ ಬಂದಿರೋದು ಲ್ಯಾಟಿನ್ನಿನ ಕಾರ್ಪುಸ್‌ನಿಂದ. ಕಾರ್ಪುಸ್ ಅಂದ್ರೆ ದೇಹ. ನಮ್ಮ ರಸ್ತೆಗುಂಡಿ ಮುಚ್ಚದ ಕಾರ್ಪೊರೇಷನ್ನೂ ಅದೇ ಬಳ್ಳಿಯ ಕಾಯಿ. ಟೀಮ್ ಮೆಂಬರ್ ಅಂತೀವಲ್ಲ, ಆ ಮೆಂಬರ್‌ನ ಮೂಲಾರ್ಥವೂ ಕೈಕಾಲಿನಂಥ ಅವಯವವೇ. ಇಂಗ್ಲಿಷಿನವರು ಮಾತ್ರ ಹೀಗೆ ಅನ್ನೋ ಹಾಗಿಲ್ಲ. ನಾವು ಸರ್ಕಾರಕ್ಕೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಮೂರು ಅಂಗ ಜೋಡಿಸಿದ್ದೀವಿ. ಕೌಟಿಲ್ಯ ರಾಜ್ಯಕ್ಕೆ ಏಳು ಅಂಗ ಎಣಿಸಿದ್ದ. ದೊಡ್ಡ ಕಂಪನಿಗೆ ಅಂಗಸಂಸ್ಥೆಗಳು, ಸಾಹೇಬರಿಗೆ ಬಲಗೈ ಭಂಟ, ಬಲಗೈಗೆ ಕೈಕೆಳಗಿನವರು, ಎಲ್ಲರಿಗಿಂತ ಕೆಳಗೆ ಕಾಲಾಳು. ರೈತ ದೇಶದ ಬೆನ್ನೆಲುಬು (ಆ ಬೆನ್ನಿನ ಮೇಲೆ ಏನೇನು ಹೇರಿದ್ದೀವಿ ಅನ್ನೋದು ಬೇರೆ ಲೇಖನ). ಇನ್ನು ಆಫೀಸಿನ 'ಹೆಡ್‌ಕೌಂಟ್' ಅಂತೂ ಬಹಳ ಪ್ರಾಮಾಣಿಕವಾದ ಪದ. ತಲೆ ಎಣಿಸ್ತಾರೆ, ಉಳಿದ ಮೈ ಲೆಕ್ಕಕ್ಕಿಲ್ಲ.

ಹೋದ ವರ್ಷ ನಮ್ಮ ಹೆಡ್‌ಕೌಂಟ್ ಕಡಿಮೆ ಮಾಡಿದರು. ಟೌನ್‌ಹಾಲ್‌ನಲ್ಲಿ ದೊಡ್ಡವರೊಬ್ಬರು ವೀಡಿಯೋದಲ್ಲಿ ಬಂದು, ನಾವೆಲ್ಲ ಒಂದೇ ದೇಹ ಇದ್ದ ಹಾಗೆ, ದೇಹ ಉಳೀಬೇಕು ಅಂದ್ರೆ ಕೆಲವೊಮ್ಮೆ ಕಷ್ಟದ ನಿರ್ಧಾರ ತಗೋಬೇಕಾಗುತ್ತೆ ಅಂದರು. ಕೊಬ್ಬು ಕರಗಿಸೋದು, ಮೈ ಹಗುರ ಮಾಡ್ಕೊಳ್ಳೋದು, ಇಂಥದ್ದೆಲ್ಲ ಬಂತು. ಹನ್ನೊಂದು ಜನರ ನಮ್ಮ ಟೀಮು ಸಂಜೆಯೊಳಗೆ ಏಳಾಯಿತು. ನಾನು ಏಳರಲ್ಲಿದ್ದೆ. ಆ ದಿನ ನನ್ನ ಪಕ್ಕದ ಸೀಟಿನವಳು ಬ್ಯಾಗಿಗೆ ಚಾರ್ಜರ್, ಸ್ಟೀಲಿನ ನೀರಿನ ಬಾಟಲಿ, ಒಂದು ಸಣ್ಣ ಗಣೇಶನನ್ನು ತುಂಬಿಕೊಂಡು ಹೊರಟಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಈ ದೇಹದ ಮಾತನ್ನ ನಾನು ಬೇರೆ ಎಲ್ಲೋ ಕೇಳಿದೀನಿ, ಆದರೆ ಅಲ್ಲಿ ಅದು ಹೀಗಿರಲಿಲ್ಲ.

ಕೇಳಿದ್ದು ಸಂಡೇ ಸ್ಕೂಲಿನಲ್ಲಿ. ನಮ್ಮದು ಕನ್ನಡ ಚರ್ಚು, ಅಪ್ಪ ಅಲ್ಲಿ ಹಿರಿಯರು. ವಾರ್ಷಿಕೋತ್ಸವಕ್ಕೆ ರಟ್ಟಿನಲ್ಲಿ ಕಣ್ಣು, ಕಿವಿ, ಕೈ ಕತ್ತರಿಸಿ ಮಕ್ಕಳ ಎದೆಗೆ ಕಟ್ಟಿ ನಾಟಕ ಆಡಿಸ್ತಿದ್ದರು. ಕಣ್ಣಿಗೆ ಜಂಬ, ಕೈಗೆ ಅದಕ್ಕಿಂತ ಜಂಬ, ಕಾಲಿಗೆ ಅಳು. ನಾನು ಕಾಲು. ಎರಡು ಸಾಲಿನ ಪಾತ್ರ, ಆಮೇಲೆ ಅಳುತ್ತಾ ನಿಂತಿರಬೇಕು, ಕೊನೆಯಲ್ಲಿ ಎಲ್ಲರೂ ಬಂದು ಸಮಾಧಾನ ಮಾಡ್ತಾರೆ. ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 12ನೇ ಅಧ್ಯಾಯ ಅದು. ಚರ್ಚಿನಲ್ಲಿ ಬೆಳೆದವರಿಗೆ ಅದು ಎಷ್ಟು ಸಲ ಕೇಳಿ ಸವೆದುಹೋಗಿರುತ್ತೆ ಅಂದ್ರೆ, ಅದರಲ್ಲಿ ಏನಾದರೂ ಹೊಸದಿದೆ ಅನ್ನೋ ಅನುಮಾನವೇ ಬರಲ್ಲ. ಒಗ್ಗಟ್ಟಿನಲ್ಲಿ ಬಲವಿದೆ, ಅಷ್ಟೇ ತಾನೆ? ಆ ಟೌನ್‌ಹಾಲ್ ಆದಮೇಲೆ ನಾನು ಹಟಕ್ಕೆ ಬಿದ್ದು ಸುತ್ತಮುತ್ತಲಿನದೆಲ್ಲ ಓದಿದೆ. ಅಷ್ಟೇ ಅಲ್ಲ.

ಮೊದಲನೇ ವಿಷಯ, ಈ ಹೋಲಿಕೆ ಪೌಲನದ್ದಲ್ಲ. ಅವನು ಹುಟ್ಟುವ ಎಷ್ಟೋ ಮೊದಲೇ ಅದು ಹಳೇ ಸರಕಾಗಿತ್ತು. ರೋಮಿನ ಇತಿಹಾಸಕಾರ ಲಿವಿ ಹೇಳೋ ಕಥೆ ಎಲ್ಲಕ್ಕಿಂತ ಪ್ರಸಿದ್ಧ. ಕ್ರಿ.ಪೂ. 494. ರೋಮಿನ ಸಾಮಾನ್ಯ ಜನ ಸಾಲದಲ್ಲಿ ಮುಳುಗಿದ್ದಾರೆ. ಯುದ್ಧಕ್ಕೆ ಹೋಗೋರು ಅವರು, ವಾಪಸ್ ಬಂದರೆ ಸಾಲಗಾರನ ಸರಪಳಿ. ಸಾಕಾಗಿ ಒಂದು ದಿನ ಊರು ಬಿಟ್ಟು ಹೊರಗಿನ ಒಂದು ಗುಡ್ಡದ ಮೇಲೆ ಹೋಗಿ ಕೂತರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೆಲಸ ಬಂದ್. ಸೆನೆಟ್ಟಿನವರು ಮೆನೇನಿಯಸ್ ಅಗ್ರಿಪ್ಪ ಅನ್ನೋ ಮಾತುಗಾರನನ್ನ ಕಳಿಸಿದರು. ಅವನು ಅವರಿಗೊಂದು ಕಥೆ ಹೇಳಿದ. ಒಂದಾನೊಂದು ಕಾಲದಲ್ಲಿ ದೇಹದ ಅಂಗಗಳೆಲ್ಲ ಹೊಟ್ಟೆಯ ಮೇಲೆ ಮುನಿಸಿಕೊಂಡವು. ನಾವು ದುಡೀತೀವಿ, ಇದು ಕೂತು ತಿನ್ನುತ್ತೆ ಅಂತ. ಕೈ ತುತ್ತು ಎತ್ತಲ್ಲ ಅಂತು, ಬಾಯಿ ತೆರೆಯಲ್ಲ ಅಂತು, ಹಲ್ಲು ಅಗಿಯಲ್ಲ ಅಂತು. ಹೊಟ್ಟೆಯನ್ನ ಬಗ್ಗಿಸಲು ಹೋಗಿ ಇಡೀ ಮೈ ಸೊರಗಿತು. ಆಗ ಗೊತ್ತಾಯಿತು, ತಿಂದದ್ದನ್ನ ರಕ್ತ ಮಾಡಿ ಎಲ್ಲರಿಗೂ ಹಂಚೋದು ಅದೇ ಹೊಟ್ಟೆ ಅಂತ.

ಹೊಟ್ಟೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಜನ ಕಥೆ ಕೇಳಿ ಮನಸ್ಸು ಬದಲಾಯಿಸಿದರು ಅಂತ ಲಿವಿ ಬರೀತಾನೆ. ಆದರೆ ಅದರ ಬೆನ್ನಿಗೇ, ಜನರ ಪರವಾಗಿ ಅಡ್ಡ ನಿಲ್ಲಬಲ್ಲ ಟ್ರಿಬ್ಯೂನ್ ಅನ್ನೋ ಹೊಸ ಹುದ್ದೆ ಹುಟ್ಟಿದ್ದನ್ನೂ ಬರೀತಾನೆ. ಅವರನ್ನ ಗುಡ್ಡದಿಂದ ಇಳಿಸಿದ್ದು ಕಥೆಯಲ್ಲ, ಟ್ರಿಬ್ಯೂನ್ ಅಂತ ನನ್ನ ಲೆಕ್ಕ.

ಪೌಲನ ಕಾಲಕ್ಕೆ ಈ ಹೋಲಿಕೆ ಅರಮನೆ ಸೇರಿತ್ತು. ತತ್ವಜ್ಞಾನಿ ಸೆನೆಕ ಕ್ರಿ.ಶ. 55-56ರ ಹೊತ್ತಿಗೆ ಹದಿಹರೆಯದ ಚಕ್ರವರ್ತಿ ನೀರೋಗೆ ದಯೆಯ ಬಗ್ಗೆ ಒಂದು ಗ್ರಂಥ ಬರೆದ. ನೀನು ರಾಜ್ಯದ ಪ್ರಾಣ, ರಾಜ್ಯ ನಿನ್ನ ಮೈ, ಆದ್ದರಿಂದ ಪ್ರಜೆಗಳಿಗೆ ದಯೆ ತೋರಿಸಿದರೆ ನಿನಗೇ ತೋರಿಸಿಕೊಂಡ ಹಾಗೆ ಅನ್ನೋದು ಅದರ ಧಾಟಿ. (ನೀರೋ ಮುಂದೆ ಆ ಮೈಯನ್ನ ಹೇಗೆ ನೋಡಿಕೊಂಡ ಅಂತ ಜಗತ್ತಿಗೇ ಗೊತ್ತು. ಸೆನೆಕನೂ ಅವನ ಅಪ್ಪಣೆಯಿಂದಲೇ ಸತ್ತ.) ಇದರಲ್ಲಿ ನನಗೆ ಮಜಾ ಅನ್ನಿಸಿದ್ದು ಬೇರೆ. ಸೆನೆಕನ ಅಣ್ಣ ಗಲ್ಲಿಯೋ ಕ್ರಿ.ಶ. 51-52ರ ಸುಮಾರಿಗೆ ಅಕಾಯ ಪ್ರಾಂತ್ಯದ ಅಧಿಪತಿಯಾಗಿದ್ದ, ದೆಲ್ಫಿಯಲ್ಲಿ ಸಿಕ್ಕ ಶಾಸನ ಅದಕ್ಕೆ ಸಾಕ್ಷಿ. ಅಕಾಯದ ಮುಖ್ಯ ಪಟ್ಟಣ ಕೊರಿಂಥ. ಅಲ್ಲೇ ಅವನ ನ್ಯಾಯಪೀಠದ ಮುಂದೆ ಪೌಲನನ್ನ ಎಳಕೊಂಡು ಬಂದರು ಅಂತ ಅಪೊಸ್ತಲರ ಕೃತ್ಯಗಳಲ್ಲಿದೆ. ಗಲ್ಲಿಯೋ ಇದು ನಿಮ್ಮ ನಿಮ್ಮ ಜಗಳ ಅಂತ ಓಡಿಸಿಬಿಟ್ಟ. ಒಬ್ಬ ತಮ್ಮ ರೋಮಿನಲ್ಲಿ ಚಕ್ರವರ್ತಿಗೆ ನೀನೇ ಪ್ರಾಣ ಅಂತ ಬರೆಯೋ ಹೊತ್ತಿಗೆ, ಅವನ ಅಣ್ಣ ಲೆಕ್ಕಕ್ಕೇ ತಗೊಳ್ಳದೆ ಕಳಿಸಿದ ಒಬ್ಬ ಗುಡಾರ ಹೊಲಿಯೋನು ಎಫೆಸದಲ್ಲಿ ಕೂತು ಅದೇ ಹೋಲಿಕೆಯನ್ನ ಒಳಹೊರಗು ಮಾಡುತ್ತಿದ್ದ. ಎರಡೂ ಬರಹಗಳ ನಡುವೆ ಹೆಚ್ಚೆಂದರೆ ಎರಡು ಮೂರು ವರ್ಷದ ಅಂತರ.

ನಮಗೂ ಒಂದು ದೇಹದ ಚಿತ್ರ ಪರಂಪರೆಯಿಂದ ಬಂದಿದೆ. ಋಗ್ವೇದದ ಪುರುಷಸೂಕ್ತದಲ್ಲಿ ಬಾಯಿ ಯಾರು, ತೋಳು ಯಾರು, ತೊಡೆ ಯಾರು ಅಂತ ಹೇಳಿದೆ. ಅದರ ಅರ್ಥದ ಬಗ್ಗೆ ಪಂಡಿತರು ಏನೇ ವಾದ ಮಾಡಲಿ, ಪಾದ ಯಾರ ಪಾಲಿಗೆ ಬಂತು ಅನ್ನೋದನ್ನ ನಮ್ಮೂರಲ್ಲಿ ಯಾರಿಗೂ ವಿವರಿಸಬೇಕಿಲ್ಲ. ನಮ್ಮ ಮುತ್ತಜ್ಜ ಚರ್ಚಿಗೆ ಬಂದದ್ದು ಪಾದಕ್ಕಿಂತಲೂ ಕೆಳಗಿನ, ಆ ಮೈಯಲ್ಲೇ ಜಾಗವಿಲ್ಲದ ಕೇರಿಯಿಂದ. ಬಂದ ಮೇಲೂ ಬಹಳ ವರ್ಷ ಚರ್ಚಿನ ಹಿಂದಿನ ಚಾಪೆಯೇ ಅವರಿಗೆ ಮೀಸಲಾಗಿತ್ತಂತೆ. ಮುಂದಿನ ಬೆಂಚು ಬೇರೆಯವರದು. ಅಜ್ಜಿ ಇದನ್ನ ಸಿಟ್ಟಿಲ್ಲದೆ, ಆ ವರ್ಷ ಮಳೆ ಬರಲಿಲ್ಲ ಅನ್ನೋ ಹಾಗೆ ಹೇಳೋರು. ಕೇಳೋ ನಮಗೆ ಸಿಟ್ಟು ಬರೋದು. ಆ ಚಾಪೆಯ ಮೇಲೆ ಕೂತವರಿಗೂ ಇದೇ 12ನೇ ಅಧ್ಯಾಯ ಓದಿ ಹೇಳಿರ್ತಾರಲ್ಲ, ಅವರು ಏನಂದುಕೊಂಡಿರಬಹುದು ಅಂತ ನನಗೆ ಆಗಾಗ ಅನ್ನಿಸುತ್ತೆ.

ಇನ್ನು ಕೊರಿಂಥ. ಆ ಊರನ್ನ ತಿಳಿಯದೆ ಪತ್ರ ತಿಳಿಯಲ್ಲ. ಹಳೇ ಗ್ರೀಕ್ ಕೊರಿಂಥವನ್ನ ಕ್ರಿ.ಪೂ. 146ರಲ್ಲಿ ರೋಮನ್ ಸೇನಾಪತಿ ಮುಮ್ಮಿಯಸ್ ನೆಲಸಮ ಮಾಡಿದ್ದ. ನೂರು ವರ್ಷ ಅದು ಹಾಳೂರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನ ಹೊಸ ರೋಮನ್ ವಸಾಹತಾಗಿ ಮತ್ತೆ ಕಟ್ಟಿಸಲು ಹೊರಟ. ಅಲ್ಲಿಗೆ ತುಂಬಿಸಿದ ಜನರಲ್ಲಿ ಬಹುಪಾಲು ಬಿಡುಗಡೆಯಾದ ಗುಲಾಮರು. ಎರಡು ಕಡಲ ನಡುವಿನ ಕಿರಿದಾದ ಭೂಮಿ, ಆ ಕಡೆ ಲೆಖಾಯಿಯನ್ ಬಂದರು, ಈ ಕಡೆ ಕೆಂಖ್ರೆ ಬಂದರು. ವ್ಯಾಪಾರ, ಕೈ ತುಂಬಾ ಹೊಸ ದುಡ್ಡು. ಯಾರಿಗೂ ಮೂರು ತಲೆಮಾರಿಗಿಂತ ಹಳೇ ಬೇರಿಲ್ಲ, ಆದ್ದರಿಂದ ಎಲ್ಲರಿಗೂ ಯಾರಿಗಿಂತ ಯಾರು ಮೇಲು ಅನ್ನೋದೇ ಚಿಂತೆ. ದಾನ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳೋದು ಆ ಊರಿನ ದೊಡ್ಡ ಚಟ. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಡಿಗೆಗಿದ್ದವರಿಗೆ ಇಂಥ ಊರಿನ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ವಿಚಿತ್ರ ಸಂಗ್ರಹ ಇದೆ. ವೈದ್ಯದೇವರು ಅಸ್ಕ್ಲೇಪಿಯಸ್‌ನ ಗುಡಿಯಲ್ಲಿ ಸಿಕ್ಕ ಮಣ್ಣಿನ ಕೈ, ಕಾಲು, ಕಿವಿ, ಮೊಲೆ, ಜನನಾಂಗ. ಯಾವ ಅಂಗ ವಾಸಿಯಾಯಿತೋ ಅದರ ಪ್ರತಿಮೆಯನ್ನ ಹರಕೆ ಒಪ್ಪಿಸೋ ಪದ್ಧತಿ. ನಮ್ಮಲ್ಲಿ ಬೆಳ್ಳಿ ಕಣ್ಣು, ಬೆಳ್ಳಿ ಕಾಲು ಒಪ್ಪಿಸಿದ ಹಾಗೇ. ಪೌಲ ಇವನ್ನ ನೋಡಿಯೇ ಕೈಕಾಲಿನ ಮಾತು ಎತ್ತಿದ ಅಂತ ಹೇಳೋ ವಿದ್ವಾಂಸರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಆ ಪ್ರತಿಮೆಗಳು ಅವನಿಗಿಂತ ಮೂರ್ನಾಲ್ಕು ಶತಮಾನ ಹಳೆಯವು. ಅವನಿಗೆ ಕಾರಣ ಬೇಕಿದ್ದರೆ ಊಟದ ಮನೆಯಲ್ಲೇ ಇತ್ತು.

ಆಗ ಚರ್ಚು ಅಂದರೆ ಕಟ್ಟಡವಲ್ಲ. ಕನ್ನಡ ಬೈಬಲ್ಲಿನಲ್ಲಿ ಇರೋ 'ಸಭೆ' ಅನ್ನೋ ಪದವೇ ಸರಿ. ಯಾರೋ ಅನುಕೂಲಸ್ಥರ ಮನೆಯಲ್ಲಿ ಸೇರೋದು, ಒಟ್ಟಿಗೆ ಉಣ್ಣೋದು, ಆ ಊಟದ ಭಾಗವಾಗೇ ರೊಟ್ಟಿ ಮುರಿದು ಯೇಸುವನ್ನ ನೆನೆಯೋದು. ಈಗ ನಾವು ಕರ್ತನ ಭೋಜನ ಅಂತ ಬೆರಳ ತುದಿಯಷ್ಟು ರೊಟ್ಟಿ ತಗೋತೀವಲ್ಲ, ಆಗ ಅದು ನಿಜವಾದ ರಾತ್ರಿಯೂಟ. ರೋಮನ್ ಮನೆಯ ಊಟದ ಕೋಣೆಯಲ್ಲಿ ಮೂರು ಮಂಚ, ಒಂದೊಂದರ ಮೇಲೆ ಮೂರು ಜನ, ಒಟ್ಟು ಒಂಬತ್ತು. ಒಂಬತ್ತಕ್ಕಿಂತ ಹೆಚ್ಚಾದರೆ ಉಳಿದವರು ಹೊರಗಿನ ಅಂಗಳದಲ್ಲಿ. ಒಳಗೆ ಯಾರು, ಹೊರಗೆ ಯಾರು ಅನ್ನೋದನ್ನ ಮನೆಯ ಯಜಮಾನನ ಸ್ನೇಹ ತೀರ್ಮಾನಿಸುತ್ತಿತ್ತು. ಒಂದೇ ಊಟದಲ್ಲಿ ದರ್ಜೆಗೊಂದು ಬಡಿಸೋದೂ ಇತ್ತು. ಕಿರಿಯ ಪ್ಲೀನಿ ತನ್ನ ಒಂದು ಪತ್ರದಲ್ಲಿ ಇಂಥ ಒಬ್ಬ ಆತಿಥೇಯನನ್ನ ಹಂಗಿಸಿದ್ದಾನೆ. ಆ ಮನುಷ್ಯ ದ್ರಾಕ್ಷಾರಸವನ್ನ ಮೂರು ಬಗೆಯಾಗಿ ತರಿಸಿದ್ದನಂತೆ: ತನಗೂ ಆಪ್ತರಿಗೂ ಒಂದು, ಸಣ್ಣ ಗೆಳೆಯರಿಗೆ ಇನ್ನೊಂದು, ಬಿಡುಗಡೆಯಾದ ಗುಲಾಮರಿಗೆ ಮತ್ತೊಂದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರಿಗೆ ಬೇರೆ ಲಿಫ್ಟು, ಅಡುಗೆಮನೆ ಮೂಲೆಯಲ್ಲಿ ಅವರಿಗೆ ಬೇರೆ ಲೋಟ ಇರುತ್ತಲ್ಲ, ಆ ಥರ.

ಕೊರಿಂಥದ ಸಭೆಯಲ್ಲೂ ಇದೇ ಆಯಿತು. ಬಿಡುವಿದ್ದವರು ಬೇಗ ಬಂದು ಉಂಡು ಕುಡಿದು ಮುಗಿಸೋರು. ಕೂಲಿ ಮುಗಿಸಿ, ಯಜಮಾನನ ಕೆಲಸ ಮುಗಿಸಿ ತಡವಾಗಿ ಬಂದವರಿಗೆ ಖಾಲಿ ಪಾತ್ರೆ. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಖ್ಲೊಯೆ ಅನ್ನೋ ಹೆಂಗಸಿನ ಮನೆಯವರು ಊರಿನ ಜಗಳಗಳ ಸುದ್ದಿಯನ್ನ ಪೌಲನಿಗೆ ತಲುಪಿಸಿದರು. 11ನೇ ಅಧ್ಯಾಯದಲ್ಲಿ ಅವನು ಊಟದ ಬಗ್ಗೆ ಬೈಯೋ ಬೈಗುಳ ಓದಬೇಕು. ಉಣ್ಣೋಕೆ ನಿಮಗೆ ಮನೆ ಇಲ್ವಾ, ಇಲ್ಲದವರನ್ನ ಯಾಕೆ ನಾಚಿಸ್ತೀರಿ ಅನ್ನೋ ಅರ್ಥ ಬರೋ ಹಾಗೆ ಕೇಳ್ತಾನೆ. ಇದಾದ ಮೇಲೆ ಬರೋದೇ ದೇಹದ ಅಧ್ಯಾಯ. ಅಲ್ಲಿ ನೇರ ವಿಷಯ ಬೇರೆ, ಯಾರ ಆತ್ಮಿಕ ವರ ದೊಡ್ಡದು, ಅರ್ಥವಾಗದ ಭಾಷೆಗಳಲ್ಲಿ ಪ್ರಾರ್ಥಿಸೋರು ಹೆಚ್ಚೋ ಮಿಕ್ಕವರು ಹೆಚ್ಚೋ ಅನ್ನೋ ಪೈಪೋಟಿ. ಆದರೆ ಊಟದ ಸಿಟ್ಟು ಇನ್ನೂ ಆರಿಲ್ಲ ಅನ್ನೋದು ಓದಿದರೆ ಗೊತ್ತಾಗುತ್ತೆ.

ಮೆನೇನಿಯಸ್ ಕೈಕಾಲಿಗೆ ಬುದ್ಧಿ ಹೇಳಿದ್ದ. ಪೌಲ ಕಣ್ಣಿಗೆ ಮತ್ತು ತಲೆಗೆ ಹೇಳ್ತಾನೆ. ಕಾಲಿಗೂ ಒಂದು ಮಾತಿದೆ, ನಾನು ಕೈಯಲ್ಲ ಅಂತ ನೀನು ಮೈಗೆ ಸೇರಿದವನಲ್ಲ ಅಂದುಕೋಬೇಡ ಅಂತ. ಆದರೆ ಅದು ಸಮಾಧಾನ, ಗದರಿಕೆ ಅಲ್ಲ. ಗದರಿಕೆ ಮೇಲಿನವರಿಗೆ: ಕಣ್ಣು ಕೈಗೆ ನೀನು ಬೇಕಾಗಿಲ್ಲ ಅನ್ನೋ ಹಾಗಿಲ್ಲ, ತಲೆ ಕಾಲುಗಳಿಗೆ ಹಾಗನ್ನೋ ಹಾಗಿಲ್ಲ. ಇಲ್ಲಿ ತಲೆಯೂ ಬರೀ ಒಂದು ಅಂಗ, ಇದನ್ನ ನಾನು ಎಷ್ಟೋ ವರ್ಷ ಗಮನಿಸಿರಲಿಲ್ಲ. ಆಮೇಲೆ ಅವನು ಇನ್ನೊಂದು ಹೆಜ್ಜೆ ಮುಂದೆ ಹೋಗ್ತಾನೆ. ಬಲಹೀನ ಅನ್ನಿಸೋ ಅಂಗಗಳೇ ಇಲ್ಲದೆ ಆಗದಂಥವು, ಮರ್ಯಾದೆ ಕಡಿಮೆ ಅಂದುಕೊಂಡವಕ್ಕೇ ನಾವು ಹೆಚ್ಚು ಮರ್ಯಾದೆ ಕೊಟ್ಟು ಬಟ್ಟೆ ಉಡಿಸೋದು, ದೇವರು ಮೈಯನ್ನ ಹೀಗೆ ಜೋಡಿಸಿದ್ದೇ ಕೊರತೆ ಇದ್ದಲ್ಲಿಗೆ ಹೆಚ್ಚು ಗೌರವ ಹೋಗಲಿ ಅಂತ. ಸಮಾನವಾಗಿ ಅಲ್ಲ, ಹೆಚ್ಚು.

ಇದರ ಜೊತೆಗೆ ಗ್ರೀಕಿನ ಒಂದು ಕಟು ವಾಸ್ತವ ಇಟ್ಟುಕೊಂಡು ಓದಬೇಕು. ದೇಹಕ್ಕೆ ಗ್ರೀಕಿನಲ್ಲಿ 'ಸೋಮ' ಅಂತಾರೆ. ಸಂತೆಯ ಭಾಷೆಯಲ್ಲಿ ಅದೇ ಪದದ ಬಹುವಚನಕ್ಕೆ ಗುಲಾಮರು ಅನ್ನೋ ಅರ್ಥವಿತ್ತು. ಇಷ್ಟು 'ದೇಹಗಳು' ಮಾರಾಟಕ್ಕಿವೆ ಅನ್ನೋ ಹಾಗೆ. ಹೊಸ ಒಡಂಬಡಿಕೆಯ ಕೊನೇ ಪುಸ್ತಕದ 18ನೇ ಅಧ್ಯಾಯದಲ್ಲಿ ವರ್ತಕರ ಸರಕಿನ ಒಂದು ಪಟ್ಟಿ ಇದೆ. ಬಂಗಾರ, ಬೆಳ್ಳಿ, ದಾಲ್ಚಿನ್ನಿ, ಗೋಧಿ, ದನ, ಕುರಿ, ಕುದುರೆ, ರಥ ಎಲ್ಲ ಆದಮೇಲೆ ಕಟ್ಟಕಡೆಗೆ ಬರೋದು ಈ 'ದೇಹಗಳು'. ಅಂಗಳದಲ್ಲಿ ಖಾಲಿ ಪಾತ್ರೆ ನೋಡುತ್ತಾ ಕೂತ ಒಬ್ಬ ಗುಲಾಮನ ಕಿವಿಗೆ, ನೀವೇ ಕ್ರಿಸ್ತನ 'ಸೋಮ' ಅನ್ನೋ ಮಾತು ಬಿದ್ದರೆ ಹೇಗಿದ್ದಿರಬೇಕು? ಆ ಕ್ರಿಸ್ತನ ಮೈಯೂ ಗುಲಾಮರಿಗೆ ಕೊಡೋ ಶಿಕ್ಷೆಯಲ್ಲೇ, ಶಿಲುಬೆಯ ಮೇಲೆ ಸತ್ತ ಮೈ. ನಮ್ಮ ರಟ್ಟಿನ ನಾಟಕದಲ್ಲಿ ಇದ್ಯಾವುದೂ ಇರಲಿಲ್ಲ.

ಇಷ್ಟೆಲ್ಲ ನಾನು ಪುಸ್ತಕದಲ್ಲಿ ಓದುತ್ತಿರುವಾಗಲೇ ಅಪ್ಪನ ಕಾಲು ಶುರುವಾಯಿತು. ಅಪ್ಪನಿಗೆ ಇಪ್ಪತ್ತೆರಡು ವರ್ಷದ ಸಕ್ಕರೆ ಕಾಯಿಲೆ. ಒಂದು ಭಾನುವಾರ ಅಮ್ಮ ಮನೆ ಒರೆಸುವಾಗ ನೆಲದಲ್ಲಿ ರಕ್ತದ ಗುರುತು ಕಂಡರು. ಯಾರದ್ದು ಅಂತ ಹುಡುಕಿದರೆ ಅಪ್ಪನ ಎಡಗಾಲು. ಹವಾಯಿ ಚಪ್ಪಲಿಯನ್ನ ತೂರಿಕೊಂಡು ಮೊಳೆಯೊಂದು ಹೆಬ್ಬೆರಳ ಬುಡಕ್ಕೆ ಇಳಿದಿತ್ತು. ಅದೇ ಚಪ್ಪಲಿಯಲ್ಲಿ ಅವರು ಎರಡು ದಿನದಿಂದ ಓಡಾಡುತ್ತಿದ್ದರು. "ನೋವಾಗ್ಲಿಲ್ವೇನ್ರೀ?" ಅಂತ ಅಮ್ಮ ಕೇಳಿದರೆ, "ಆಗಿದ್ರೆ ಹೇಳ್ತಿರ್ಲಿಲ್ವಾ" ಅಂದರು. ಮೂರು ವಾರ ಡ್ರೆಸ್ಸಿಂಗ್, ಇಂಜೆಕ್ಷನ್. ಕೊನೆಗೆ ಸರ್ಜನ್ ಬೆರಳು ಉಳಿಯಲ್ಲ ಅಂದರು. ಅಪ್ಪ ಹಗುರವಾಗಿ, "ಹೋಗ್ಲಿ ಬಿಡಿ ಡಾಕ್ಟ್ರೇ, ಒಂದು ಬೆರಳು ತಾನೆ, ಇನ್ನೂ ಒಂಬತ್ತಿದೆ" ಅಂದರು. ಡಾಕ್ಟರು ನಗಲಿಲ್ಲ. ನಡೆಯುವಾಗ ನೆಲವನ್ನ ಕೊನೆಗೆ ಒದೆಯೋದು ಹೆಬ್ಬೆರಳೇ, ಅದು ಹೋದರೆ ಆ ಭಾರ ಪಕ್ಕದ ಬೆರಳುಗಳ ಬುಡಕ್ಕೆ ಬೀಳುತ್ತೆ, ಅಲ್ಲಿ ಹೊಸ ಹುಣ್ಣಾಗಬಹುದು, ಒಂದನ್ನ ತೆಗೆದರೆ ಉಳಿದವು ನೆಮ್ಮದಿಯಾಗಿರ್ತವೆ ಅಂದುಕೋಬೇಡಿ ಅಂದರು. ನನಗೆ ಹನ್ನೊಂದು ಏಳಾದ ನಮ್ಮ ಟೀಮು ನೆನಪಾಯಿತು. ಆ ನಾಲ್ವರ ಕೆಲಸ ಈಗ ಯಾರ ಬುಡಕ್ಕೆ ಬೀಳ್ತಿದೆ ಅಂತ ನನಗೆ ಗೊತ್ತಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನು ಓದಿದ್ದು ಪಾಲ್ ಬ್ರ್ಯಾಂಡ್ ಅನ್ನೋ ಡಾಕ್ಟರ ಬಗ್ಗೆ. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು, 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದರು. ಕುಷ್ಠರೋಗದಲ್ಲಿ ಬೆರಳು ತಾನಾಗಿ ಕೊಳೆತು ಬೀಳುತ್ತೆ ಅಂತಲೇ ಆಗ ಎಲ್ಲರ ನಂಬಿಕೆ. ರೋಗ ನರವನ್ನ ಕೊಲ್ಲುತ್ತೆ, ನೋವು ಗೊತ್ತಾಗಲ್ಲ, ಗೊತ್ತಾಗದ್ದರಿಂದ ಬಿಸಿ ಪಾತ್ರೆ ಹಿಡೀತಾರೆ, ಗಾಯದ ಮೇಲೆ ನಡೀತಾರೆ, ಬೆರಳು ಹೋಗೋದು ಹಾಗೆ ಅನ್ನೋದನ್ನ ಬ್ರ್ಯಾಂಡ್ ಮತ್ತು ಅವರ ಜೊತೆಯವರು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಇದೇ ತಿಳಿವಳಿಕೆ ಸಕ್ಕರೆ ಕಾಯಿಲೆಯವರ ಪಾದಕ್ಕೂ ಬಳಕೆಗೆ ಬಂತು. ಅಪ್ಪನಿಗೆ ಬರೆದುಕೊಟ್ಟ ಮೆತ್ತನೆ ಎಂಸಿಆರ್ ಚಪ್ಪಲಿಯನ್ನೇ ಕುಷ್ಠರೋಗಿಗಳಿಗೂ ಕೊಡೋದು. ಬ್ರ್ಯಾಂಡ್ ಮುಂದೆ ಪತ್ರಕರ್ತ ಫಿಲಿಪ್ ಯಾನ್ಸಿ ಜೊತೆ ಸೇರಿ ದೇಹ ಮತ್ತು ಸಭೆಯ ಬಗ್ಗೆಯೇ ಪುಸ್ತಕ ಬರೆದರು. ಮೈಯಲ್ಲಿ ಯಾವುದು ನನ್ನದು ಅಂತ ತಿಳಿಯೋದೇ ನೋವಿನಿಂದ ಅನ್ನೋದು ಅವರು ಜೀವಮಾನವಿಡೀ ಕಂಡದ್ದು. ಅವರ ರೋಗಿಗಳಿಗೆ ಅರಿವಿಲ್ಲದ ಕೈಕಾಲು ತಮ್ಮದಲ್ಲ ಅನ್ನಿಸುತ್ತಿತ್ತಂತೆ.

ಪೌಲ ಅದೇ ಅಧ್ಯಾಯದಲ್ಲಿ ಒಂದು ಅಂಗಕ್ಕೆ ನೋವಾದರೆ ಎಲ್ಲವಕ್ಕೂ ನೋವು ಅಂದದ್ದನ್ನ ನಾನು ಯಾವತ್ತೂ ಉಪದೇಶ ಅಂತಲೇ ಓದಿದ್ದೆ, ಹಾಗಿರಬೇಕು ಅನ್ನೋ ಹಾಗೆ. ಅಪ್ಪನ ಕಾಲು ನೋಡಿದ ಮೇಲೆ ಅದು ಡಾಕ್ಟರು ಕೇಳೋ ಪ್ರಶ್ನೆಯ ಥರ ಕಾಣಿಸಿತು. ಸೂಜಿ ಚುಚ್ಚಿ, ಇಲ್ಲಿ ಗೊತ್ತಾಗುತ್ತಾ, ಇಲ್ಲಿ ಗೊತ್ತಾಗುತ್ತಾ ಅಂತ ಕೇಳ್ತಾರಲ್ಲ. ಹಿಂದಿನ ಚಾಪೆಯ ಮೇಲೆ ಕೂತವರ ನೋವು ಮುಂದಿನ ಬೆಂಚಿಗೆ ಗೊತ್ತಾಗಿರಲಿಲ್ಲ. ವೀಡಿಯೋದಲ್ಲಿ ಮಾತಾಡಿದ ದೊಡ್ಡವರಿಗೆ ಆ ಸಂಜೆ ಏನಾದರೂ ಗೊತ್ತಾಯಿತಾ?

ಈಗ ನಮ್ಮ ಮನೆಯಲ್ಲಿ ಅತಿ ಹೆಚ್ಚು ಮರ್ಯಾದೆ ಸಿಗೋದು ಅಪ್ಪನ ಎಡಗಾಲಿಗೆ. ರಾತ್ರಿ ಊಟವಾದ ಮೇಲೆ ಅಮ್ಮ ಸ್ಟೂಲು ಎಳಕೊಂಡು ಕೂತು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದು ಒರೆಸಿ, ಕೆಳಗೆ ಕೈಗನ್ನಡಿ ಹಿಡಿದು ಅಂಗಾಲಿನ ಇಂಚಿಂಚು ನೋಡ್ತಾರೆ. ಅಪ್ಪ ನಲವತ್ತು ವರ್ಷದ ದಾಂಪತ್ಯದಲ್ಲಿ ಅಮ್ಮನ ಎದುರು ಇಷ್ಟು ಹೊತ್ತು ಸುಮ್ಮನೆ ಕೂತದ್ದನ್ನ ನಾನು ನೋಡಿಲ್ಲ. "ನನ್ನ ಮುಖ ಒಂದಿನಾನೂ ಹೀಗೆ ನೋಡ್ಲಿಲ್ಲ ಇವ್ಳು" ಅಂತ ನನಗೆ ಕೇಳೋ ಹಾಗೆ ಗೊಣಗ್ತಾರೆ. "ಮುಖಕ್ಕೇನಾಗಿದೆ, ಸುಮ್ನಿರಿ" ಅಂತಾರೆ ಅಮ್ಮ.

ಪೌಲನನ್ನ ನಾನು ಹೊಗಳ್ತಾ ಕೂತಿದ್ದೀನಿ ಅನ್ನಿಸಿದರೆ, ಇಲ್ಲ. ಇದೇ ಪತ್ರದ 11ನೇ ಅಧ್ಯಾಯದಲ್ಲಿ ಗಂಡು ಹೆಣ್ಣಿಗೆ ತಲೆ ಅಂತಲೂ ಬರೆದಿದ್ದಾನೆ. ಗುಲಾಮನೂ ಸ್ವತಂತ್ರನೂ ಒಂದೇ ಮೈ ಅಂದವನು ಯಜಮಾನರಿಗೆ ಗುಲಾಮರನ್ನೆಲ್ಲ ಬಿಟ್ಟುಬಿಡಿ ಅನ್ನಲಿಲ್ಲ. ಅವನ ನಂತರ ಹೋಲಿಕೆ ಬೇಗ ಹಳೇ ದಾರಿಗೆ ಬಂತು. ಕೊಲೊಸ್ಸೆ ಮತ್ತು ಎಫೆಸದ ಪತ್ರಗಳಲ್ಲಿ (ಅವನೇ ಬರೆದನೋ ಶಿಷ್ಯರೋ ಅನ್ನೋ ಚರ್ಚೆ ಮುಗಿದಿಲ್ಲ) ಕ್ರಿಸ್ತ ತಲೆ, ಸಭೆ ಉಳಿದ ಮೈ. ಭಕ್ತಿಯ ದೃಷ್ಟಿಯಿಂದ ಅದು ಸುಂದರವೇ. ಆದರೆ ಅದೇ ಪತ್ರಗಳಲ್ಲಿ ಹೆಂಡತಿ ಗಂಡನಿಗೆ, ಗುಲಾಮ ಯಜಮಾನನಿಗೆ ಅಧೀನರಾಗಿರಲಿ ಅಂತಲೂ ಇದೆ. ಒಂದನೇ ಶತಮಾನ ಮುಗಿಯೋ ಹೊತ್ತಿಗೆ ಕೊರಿಂಥದಲ್ಲಿ ಮತ್ತೆ ಜಗಳ. ಕೆಲವರು ಸೇರಿ ಹಿರಿಯರನ್ನ ಹುದ್ದೆಯಿಂದ ಇಳಿಸಿದರು. ರೋಮಿನ ಸಭೆಯಿಂದ ಬಂದ ಪತ್ರ, ಕ್ಲೆಮೆಂಟನದು ಅಂತ ಹೇಳೋದು, ಮತ್ತೆ ಅದೇ ಮೈಯ ಮಾತು ಎತ್ತುತ್ತೆ. ತಲೆಯಿಲ್ಲದೆ ಕಾಲಿಲ್ಲ, ಕಾಲಿಲ್ಲದೆ ತಲೆಯಿಲ್ಲ ಅನ್ನೋದು ಸರಿಯೇ. ಆದರೆ ಅದರ ಪಕ್ಕದಲ್ಲೇ ರೋಮನ್ ಸೈನ್ಯದ ಶಿಸ್ತಿನ ಹೊಗಳಿಕೆ ಇದೆ: ಸಾವಿರ ಜನರ ಮೇಲಿನವನು, ನೂರರ ಮೇಲಿನವನು, ಐವತ್ತರ ಮೇಲಿನವನು, ಎಲ್ಲರೂ ಅವರವರ ಜಾಗದಲ್ಲಿ. ಮೆನೇನಿಯಸ್ ಮತ್ತೆ ಬಂದು ಕೂತ ಹಾಗೆ. 1302ರಲ್ಲಿ ಪೋಪ್ ಎಂಟನೇ ಬೋನಿಫಾಸ್, ಚರ್ಚಿಗೆ ಒಂದೇ ಮೈ ಒಂದೇ ತಲೆ, ಎರಡು ತಲೆಯಿದ್ದರೆ ಅದು ರಾಕ್ಷಸ ಅಂತ ಫ್ರಾನ್ಸಿನ ದೊರೆಯ ಜೊತೆಗಿನ ಜಗಳದಲ್ಲಿ ಬರೆದ.

ಆದರೂ ಆ ಬಲಹೀನ ಅಂಗಗಳ ಮಾತು ಪೂರ್ತಿ ಸಾಯಲಿಲ್ಲ. 1943ರ ಜೂನ್‌ನಲ್ಲಿ, ಜರ್ಮನಿಯಲ್ಲಿ ಅಂಗವಿಕಲರನ್ನೂ ಮನೋರೋಗಿಗಳನ್ನೂ ಸಮಾಜಕ್ಕೆ ಹೊರೆ ಅಂತ ಕೊಲ್ಲುತ್ತಿದ್ದ ಹೊತ್ತಿನಲ್ಲಿ, ಹನ್ನೆರಡನೇ ಪಿಯುಸ್ ಚರ್ಚನ್ನ ಕ್ರಿಸ್ತನ ದೇಹ ಅಂತ ವಿವರಿಸೋ ಒಂದು ಪತ್ರ ಹೊರಡಿಸಿದ. ಅದರಲ್ಲಿ ಈ ಕೊಲೆಗಳನ್ನ ಖಂಡಿಸಿದ್ದು ಕೊರಿಂಥದ ಆ ಅಧ್ಯಾಯವನ್ನ ನೆನಪಿಸಿಯೇ. ಆ ಪೋಪ್ ಬೇರೆಯವರ ವಿಷಯದಲ್ಲಿ ಮೌನವಾಗಿದ್ದದ್ದರ ಬಗ್ಗೆ ಬೇಕಾದಷ್ಟು ದೂರುಗಳಿವೆ. ಈ ಸಾಲುಗಳು ಮಾತ್ರ ಅಲ್ಲಿವೆ.

ಕೊರಿಂಥದ ಬಗ್ಗೆ ಒಂದು ಹೇಳದೆ ಉಳಿಯಿತು. ಪೌಲ ಮತ್ತೆ ಆ ಊರಿಗೆ ಹೋದ. ಅಲ್ಲಿದ್ದಾಗಲೇ ರೋಮಿನವರಿಗೆ ಅವನ ಅತಿ ಉದ್ದದ ಪತ್ರ ಬರೆಸಿದ. ಅದರ 12ನೇ ಅಧ್ಯಾಯದಲ್ಲೂ ಚಿಕ್ಕದಾಗಿ ಇದೇ ಮೈ, ಇದೇ ಅಂಗಗಳು ಬರ್ತವೆ. ಒಯ್ದು ಕೊಟ್ಟವಳು ಕೆಂಖ್ರೆ ಬಂದರಿನ ಸಭೆಯ ಫೊಯಿಬೆ ಅನ್ನೋದು ಸಾಮಾನ್ಯವಾದ ನಂಬಿಕೆ. ಬರೆದದ್ದು ಅವನ ಕೈಯಲ್ಲ, ಅವನು ಹೇಳಿದ್ದನ್ನ ಇನ್ನೊಬ್ಬ ಬರಕೊಂಡ. ಕೊನೆಯಲ್ಲಿ, ಯಾರು ಯಾರಿಗೆ ವಂದನೆ ಅಂತ ಪೌಲ ಹೇಳುತ್ತಾ ಹೋಗುವಾಗ, ಮಧ್ಯದಲ್ಲಿ ಆ ಬರಕೊಂಡವನು ತಾನೇ ಒಂದು ಸಾಲು ಹಾಕಿಬಿಟ್ಟಿದ್ದಾನೆ. ಪತ್ರ ಬರೆದ ನಾನೂ ನಿಮಗೆ ವಂದಿಸ್ತೀನಿ ಅಂತ, ತನ್ನ ಹೆಸರು ಸೇರಿಸಿ. ಹೆಸರು ತೆರ್ತಿಯಸ್. ಲ್ಯಾಟಿನ್ನಿನಲ್ಲಿ ಅದರ ಅರ್ಥ 'ಮೂರನೆಯವನು'. ಗುಲಾಮರಿಗೆ ಹಾಗೆ ನಂಬರಿಟ್ಟು ಕರೆಯೋದು ಇತ್ತು. ಅವನ ಮುಂದಿನ ವಾಕ್ಯದಲ್ಲಿ ಇನ್ನೂ ಕೆಲವರ ವಂದನೆ ಇದೆ. ಒಬ್ಬ ಎರಸ್ತ, ಊರಿನ ಖಜಾನೆ ಅಧಿಕಾರಿ. ಅವನ ಬೆನ್ನಿಗೇ, ಬೇರೆ ಯಾವ ಹುದ್ದೆಯೂ ಇಲ್ಲದೆ, ಸಹೋದರ ಅಂತ ಮಾತ್ರ ಬರೆಸಿಕೊಂಡ ಕ್ವಾರ್ತಸ್, ಅಂದರೆ ನಾಲ್ಕನೆಯವನು.